ಕೆಲಸ ಹೋಗುವ ಭಯದಲ್ಲಿ ಮನಸ್ಸು ಬತ್ತದಿರಲಿ

(ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಸ್ವಸಹಾಯ ಸಂಘದ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ವಾರಕ್ಕೆ ಒಂದೇ ದಿನ ರಜೆ. ಬಟ್ಟೆ ಒಗೆಯೋದು, ರೇಷನ್ ತರೋದು, ಮಕ್ಕಳಿಗೆ ತಲೆಸ್ನಾನ ಮಾಡಿಸೋದು ಎಲ್ಲವನ್ನೂ ಪಕ್ಕಕ್ಕಿಟ್ಟು ಇಲ್ಲಿ ಬಂದು ಕೂತಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದು ಬೇಡ. ಕಂಪನಿಗೆ ಆರ್ಡರ್ ಕಡಿಮೆಯಾಗಿದೆ, ಜನರನ್ನ ತೆಗೀತಾರಂತೆ ಅನ್ನೋ ಸುದ್ದಿ ಹಬ್ಬಿದಾಗ ನಮ್ಮ ಮೈಗೆ, ಮನಸ್ಸಿಗೆ ಏನಾಗುತ್ತದೆ? ಆಗ ನಾವು ಏನು ಮಾಡಬೇಕು? ನಮ್ಮ ಸಂಘ ಏನು ಮಾಡಬಹುದು? ಇವತ್ತು ಈ ಮೂರು ವಿಷಯ ಮಾತಾಡೋಣ.

ಈ ಭಯ ಎಲ್ಲಿಂದ ಬರುತ್ತದೆ?

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಆಚೆಗೆ ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣ ಇಲ್ಲೆಲ್ಲ ಗಾರ್ಮೆಂಟ್ ಕಾರ್ಖಾನೆಗಳಿವೆ. ಮಿಷನ್ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ. ನಾವು ಹೊಲಿಯುವ ಅಂಗಿ, ಪ್ಯಾಂಟು, ಜಾಕೆಟ್ ಬಹಳಷ್ಟು ಹೋಗುವುದು ಅಮೆರಿಕ, ಯುರೋಪಿನ ಅಂಗಡಿಗಳಿಗೆ. ಅಲ್ಲಿ ವ್ಯಾಪಾರ ನಿಂತರೆ ಇಲ್ಲಿ ಲೈನ್ ನಿಲ್ಲುತ್ತದೆ.

2020ರಲ್ಲಿ ಕೊರೋನಾ ಬಂದಾಗ ವಿದೇಶದ ಕಂಪನಿಗಳು ಆರ್ಡರ್ ರದ್ದು ಮಾಡಿದವು. ಆ ವರ್ಷ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದೇ ಕಾರ್ಖಾನೆಯಲ್ಲಿ ಸಾವಿರಕ್ಕೂ ಹೆಚ್ಚು ಜನರ ಕೆಲಸ ಒಮ್ಮೆಲೇ ನಿಂತಿತು. ಅವರಲ್ಲಿ ಬಹುಪಾಲು ಹೆಂಗಸರು, ಕಾರ್ಖಾನೆಯ ಒಳಗೇ ಧರಣಿ ಕೂತರು. ಆಮೇಲೆ 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ದೇಶದ ಸರಕಿನ ಮೇಲೆ ಶೇ. 50ರಷ್ಟು ಸುಂಕ ಹಾಕಿದಾಗ ಮತ್ತೆ ಅದೇ ಆತಂಕ ಎದ್ದಿತು.

ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ಕೆಲಸ ಹೋಗುವ ಸುದ್ದಿ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಬೈದುಕೊಳ್ಳುವುದು ತಮ್ಮನ್ನೇ. "ನಾನು ಸ್ಪೀಡ್ ಸಾಲದು", "ಮಗು ಹುಷಾರಿಲ್ಲ ಅಂತ ಎರಡು ದಿನ ರಜೆ ಹಾಕಿದ್ದೇ ತಪ್ಪಾಯ್ತು" ಅಂತ ಕೊರಗುತ್ತೇವೆ. ಆದರೆ ಸುಂಕ ಏರಿಸಿದ್ದು ನಾವಲ್ಲ. ಆರ್ಡರ್ ರದ್ದು ಮಾಡಿದ್ದೂ ನಾವಲ್ಲ. ಏಳು ಸಮುದ್ರದ ಆಚೆ ಆದ ತೀರ್ಮಾನಕ್ಕೆ ಹೆಲ್ಪರ್ ಹೆಂಗಸು ತನ್ನನ್ನು ತಾನು ಶಿಕ್ಷಿಸಿಕೊಳ್ಳಬೇಕಾಗಿಲ್ಲ. ಇದು ಮೊದಲು ತಲೆಗೆ ಹೋಗಬೇಕು.

ಬತ್ತಿಹೋಗುವುದು ಅಂದರೇನು?

ದೀಪದಲ್ಲಿ ಎಣ್ಣೆ ಇರುವ ತನಕ ಉರಿಯುವುದು ಎಣ್ಣೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಸುಡುತ್ತದೆ, ಬೆಳಕಿಗಿಂತ ಹೊಗೆಯೇ ಜಾಸ್ತಿ. ಮನುಷ್ಯರಿಗೂ ಹೀಗೇ ಆಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ 'ಬರ್ನ್‌ಔಟ್' ಅಂತಾರೆ. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಈ ಬಗ್ಗೆ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ವಿವರಿಸುತ್ತಾ, ಇದು ಕಾಯಿಲೆಯಲ್ಲ, ಕೆಲಸದ ಜಾಗದ ಒತ್ತಡ ಬಹುಕಾಲ ಹಾಗೇ ಮುಂದುವರಿದಾಗ ಬರುವ ಸ್ಥಿತಿ ಎಂದಿತು. ಮೂರು ಗುರುತುಗಳನ್ನೂ ಹೇಳಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ:

1. ಎಷ್ಟು ಮಲಗಿದರೂ ತೀರದ ದಣಿವು. ಬೆಳಿಗ್ಗೆ ಎದ್ದಾಗಲೇ ಸಂಜೆ ಆದ ಹಾಗಿರುತ್ತದೆ.

2. ಕೆಲಸದ ಮೇಲೆ ಬೇಸರ, ತಾತ್ಸಾರ. "ಏನಾದರೂ ಆಗಲಿ, ನನಗೇನು" ಅನ್ನಿಸುವುದು. ಪಕ್ಕದ ಮಿಷನ್‌ನವಳು ಅತ್ತರೂ ತಿರುಗಿ ನೋಡಲು ಮನಸ್ಸಾಗುವುದಿಲ್ಲ.

3. ಕೈ ಸೋಲುವುದು. ಹತ್ತು ವರ್ಷ ಕಾಲರ್ ಹೊಲಿದ ಕೈಗೇ "ನನ್ನ ಕೈಲಿ ಆಗಲ್ಲ" ಅನ್ನಿಸತೊಡಗುತ್ತದೆ.

ಇದು ಸೋಮಾರಿತನ ಅಲ್ಲ, ಅಹಂಕಾರವೂ ಅಲ್ಲ. ಬಹಳ ದಿನ ಮೈಮುರಿದು ದುಡಿದವರಿಗೇ ಇದು ಬರುತ್ತದೆ.

ಸುದ್ದಿ ಹಬ್ಬಿದ ಕಂಪನಿಯಲ್ಲಿ ಏನಾಗುತ್ತದೆ?

ಕೆಲಸ ಹೋಗುವ ದಿನಕ್ಕಿಂತ, ಹೋಗುತ್ತೋ ಉಳಿಯುತ್ತೋ ಅಂತ ಕಾಯುವ ದಿನಗಳೇ ಹೆಚ್ಚು ಕಷ್ಟ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಎರಡನೇ ಬ್ಯಾಚ್ ಮುಚ್ತಾರಂತೆ." "ಲಿಸ್ಟ್ ಆಗಲೇ ರೆಡಿ ಇದೆಯಂತೆ." ಸಂಜೆ ಹೊತ್ತಿಗೆ ಆ 'ಅಂತೆ' ಬಿದ್ದುಹೋಗಿ ಸುದ್ದಿ ನಿಜವೇ ಆಗಿಬಿಡುತ್ತದೆ.

ಲಿಸ್ಟಿನಲ್ಲಿ ತನ್ನ ಹೆಸರು ಬರಬಾರದು ಅಂತ ಒಬ್ಬಾಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ, ಬಾತ್‌ರೂಮಿಗೆ ಏಳಬೇಕಾಗುತ್ತಲ್ಲ! ಅದರಿಂದ ಉರಿಮೂತ್ರ, ತಲೆನೋವು, ಮೈ ಬಿಸಿ. ಇನ್ನೊಬ್ಬಾಕೆ ಜ್ವರದಲ್ಲೂ ಬರುತ್ತಾಳೆ. ಸೂಪರ್‌ವೈಸರ್ ಮೇಲೂ ಮೇಲಿನವರ ಒತ್ತಡ, ಅವರ ಸಿಟ್ಟು ನಮ್ಮ ಮೇಲೆ. ನಮ್ಮ ಸಿಟ್ಟು ಯಾರ ಮೇಲೆ? ಮನೆಯಲ್ಲಿ ಹೋಂವರ್ಕ್ ಮಾಡುತ್ತಾ ಕೂತ ಮಗುವಿನ ಮೇಲೆ. ಮಗು ಬೆದರಿ ಮಲಗಿದ ಮೇಲೆ ಅದರ ತಲೆ ಸವರಿ ಅಳುತ್ತೇವೆ. ಇದು ನಮ್ಮಲ್ಲಿ ಎಷ್ಟು ಮನೆಯ ಕಥೆ ಅಲ್ವಾ?

ಇನ್ನೊಂದು ಸಂಕಟವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಉಳಿದವರ ಸಂಕಟ. ಜೊತೆಯವಳನ್ನು ತೆಗೆದರು, ನಾನು ಉಳಿದೆ. ಅವಳ ಮುಖ ನೋಡಲು ನಾಚಿಕೆ. ಅವಳ ಕೆಲಸವೂ ನನ್ನ ತಲೆಗೆ ಬಂತು. ಇತ್ತ ಹೋದವಳಿಗೆ "ಅವಳು ಚಾಡಿ ಹೇಳಿ ಉಳಕೊಂಡಳು" ಅನ್ನುವ ಅನುಮಾನ. ಒಂದೇ ಸಂಘದಲ್ಲಿ ಒಂದೇ ಚಾಪೆಯ ಮೇಲೆ ಕೂತವರು ಹೀಗೆ ಮಾತು ಬಿಟ್ಟರೆ, ಕೆಲಸದ ಜೊತೆಗೆ ಸಂಘವೂ ಹೋಗುತ್ತದೆ. ಕೆಲಸ ಇನ್ನೊಂದು ಕಡೆ ಸಿಕ್ಕೀತು. ಹತ್ತು ವರ್ಷದ ನಂಬಿಕೆ ಹಾಗೆ ಸಿಗುವುದಿಲ್ಲ.

ನಾವು ಏನು ಮಾಡಬೇಕು?

"ಧೈರ್ಯವಾಗಿರಿ" ಅಂತ ಹೇಳಿ ಹೋಗುವುದು ಸುಲಭ. ಆದರೆ ಧೈರ್ಯ ಬರೀ ಮಾತಿನಿಂದ ಬರುವುದಿಲ್ಲ. ಮನೆಯಲ್ಲಿ ಎಷ್ಟು ದಿನದ ಅಕ್ಕಿ ಇದೆ, ಎಷ್ಟು ಕಂತು ಬಾಕಿ ಇದೆ, ಕಂಪನಿಯಿಂದ ನಮಗೆ ಬರಬೇಕಾದ್ದು ಎಷ್ಟು ಅನ್ನೋದು ಗೊತ್ತಾದಾಗ ಬರುತ್ತದೆ.

ಮೊದಲನೆಯದು, ಮೈಯನ್ನು ಕಾಪಾಡಿಕೊಳ್ಳಿ. ನೀರು ಕುಡಿಯಿರಿ, ಟಿಫನ್ ಬಿಡಬೇಡಿ. ರಾತ್ರಿ ಮಲಗುವ ಮುಂಚೆ ಮೊಬೈಲಿನಲ್ಲಿ ಲಿಸ್ಟಿನ ಸುದ್ದಿ ಹುಡುಕಬೇಡಿ. ಮನೆಗೆಲಸವನ್ನು ಗಂಡ, ದೊಡ್ಡ ಮಕ್ಕಳ ಜೊತೆ ಹಂಚಿಕೊಳ್ಳಿ. ಗಂಡುಮಗ ಪಾತ್ರೆ ತೊಳೆದರೆ ಅವನ ಕೈ ಸವೆಯುವುದಿಲ್ಲ!

ಎರಡನೆಯದು, ಮನೆಯಲ್ಲಿ ವಿಷಯ ಮುಚ್ಚಿಡಬೇಡಿ. ಕೆಲಸ ಹೋದ ಮೇಲೂ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟು, ಎಲ್ಲೋ ಕೂತು ಸಂಜೆ ಮನೆಗೆ ಬರುವವರೂ ಇದ್ದಾರೆ. ಗುಟ್ಟು ಹೊರುವುದು ಮೂಟೆ ಹೊರುವುದಕ್ಕಿಂತ ಭಾರ. ಮಕ್ಕಳಿಗೂ ಅವರಿಗೆ ಅರ್ಥವಾಗುವಷ್ಟು ಹೇಳಿ: "ಸ್ವಲ್ಪ ದಿನ ಕಷ್ಟ ಇದೆ, ಇದು ನಿನ್ನಿಂದ ಆಗಿದ್ದಲ್ಲ."

ಮೂರನೆಯದು, ಗಾಳಿಸುದ್ದಿಗೆ ಒಂದು ನಿಯಮ ಮಾಡಿಕೊಳ್ಳಿ. ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿಸುವ ತನಕ ಅದು ಬರೀ ಮಾತು. ಕೇಳಿದ್ದನ್ನು ಮುಂದಕ್ಕೆ ದಾಟಿಸುವ ಮುಂಚೆ "ನೀನು ಕಣ್ಣಾರೆ ನೋಡಿದ್ಯಾ?" ಅಂತ ಕೇಳಿ.

ನಾಲ್ಕನೆಯದು, ಕಾಗದಪತ್ರ ಒಂದೇ ಕಡೆ ಇಡಿ. ಸಂಬಳದ ಚೀಟಿ, ನೇಮಕದ ಪತ್ರ, ಗುರುತಿನ ಚೀಟಿ, ಪಿ.ಎಫ್.ನ ಯು.ಎ.ಎನ್. ನಂಬರ್, ಇ.ಎಸ್.ಐ. ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಆಧಾರ್‌ನಲ್ಲಿ ಮತ್ತು ಪಿ.ಎಫ್.ನಲ್ಲಿ ಹೆಸರು, ಹುಟ್ಟಿದ ದಿನ ಒಂದೇ ಥರ ಇದೆಯಾ ಈಗಲೇ ನೋಡಿಸಿ. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಹಣ ತೆಗೆಯುವಾಗ ಅಲೆದಾಟ ತಪ್ಪುವುದಿಲ್ಲ.

ಐದನೆಯದು ಬಹಳ ಮುಖ್ಯ. ಓದದೆ, ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಸಹಿ ಯಾಕೆ ಅಷ್ಟು ಮುಖ್ಯ?

2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾನೂನುಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ನಮಗೆ ಬೇಕಾದ್ದು ಇಷ್ಟು.

'ಲೇ ಆಫ್' ಬೇರೆ, 'ರಿಟ್ರೆಂಚ್‌ಮೆಂಟ್' ಬೇರೆ. ಲೇ ಆಫ್ ಅಂದರೆ ಸದ್ಯಕ್ಕೆ ಕೆಲಸ ಇಲ್ಲ, ಆದರೆ ನಮ್ಮ ಹೆಸರು ಕಂಪನಿಯ ಪುಸ್ತಕದಲ್ಲಿ ಇರುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ದುಡಿದವರಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ರಿಟ್ರೆಂಚ್‌ಮೆಂಟ್ ಅಂದರೆ ಕೆಲಸದಿಂದ ಪೂರ್ತಿ ತೆಗೆಯುವುದು. ಒಂದು ವರ್ಷ ಸತತವಾಗಿ ದುಡಿದವರಿಗೆ ಒಂದು ತಿಂಗಳು ಮುಂಚೆ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ದುಡಿದ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ ಕೊಡಬೇಕು. 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಾದರೆ ನೋಟಿಸ್ ಮೂರು ತಿಂಗಳದ್ದು, ಸರ್ಕಾರದ ಅನುಮತಿಯೂ ಬೇಕು. ಹಳೆಯ ಕಾನೂನಿನಲ್ಲಿ ಈ ಸಂಖ್ಯೆ 100 ಇತ್ತು. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಒಂದು ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೇ ಮೊದಲ ಅವಕಾಶ ಕೊಡಬೇಕು.

ಐದು ವರ್ಷ ತುಂಬಿಸಿದವರಿಗೆ ಗ್ರಾಚ್ಯುಟಿ ಉಂಟು. ಲೆಕ್ಕ ಹೀಗೆ: ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ಗ್ರಾಚ್ಯುಟಿಗೆ ಲೆಕ್ಕ ಹಿಡಿಯುವ ವೇತನ 13,000 ರೂಪಾಯಿ, ಸೇವೆ 8 ವರ್ಷ ಅಂದರೆ 60,000 ರೂಪಾಯಿ. ಇದು ಯಾರೂ ಕೊಡುವ ಭಿಕ್ಷೆ ಅಲ್ಲ, ನಮ್ಮ ಬೆವರಿನ ಬಾಕಿ.

ಈಗ ಸಹಿಯ ವಿಷಯ. "ನೀನಾಗೇ ರಾಜೀನಾಮೆ ಬರೆದುಕೊಡು, ಲೆಕ್ಕ ಬೇಗ ಆಗುತ್ತೆ" ಅಂತ ಹೇಳಬಹುದು. ಐದು ವರ್ಷ ಆಗಿದ್ದರೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಇರುತ್ತದೆ. ಆದರೆ ನೋಟಿಸ್ ಸಂಬಳ, ತೆಗೆದದ್ದಕ್ಕೆ ಬರುವ ಪರಿಹಾರ ಎರಡೂ ಕೈತಪ್ಪುತ್ತವೆ. ಬಾಕಿ ಸಂಬಳವಂತೂ ರಾಜೀನಾಮೆಯಾಗಲಿ, ತೆಗೆದದ್ದಾಗಲಿ, ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಆದ್ದರಿಂದ ಬೇಗ ಸಿಗುತ್ತೆ ಅನ್ನೋ ಮಾತಿಗೆ ಮರುಳಾಗಬೇಡಿ. ಮನಸ್ಸು ಬತ್ತಿದಾಗ "ಸಾಕಪ್ಪಾ ಸಾಕು" ಅಂತ ಸಹಿ ಹಾಕಿಬಿಡುತ್ತೇವೆ. ದಣಿದ ಹೊತ್ತಿನಲ್ಲಿ ತೀರ್ಮಾನ ಬೇಡ. "ಮನೇಲಿ ಕೇಳಿ ನಾಳೆ ಹೇಳ್ತೀನಿ ಸಾರ್" ಅಂದರೆ ಯಾವ ತಪ್ಪೂ ಇಲ್ಲ.

ಸಂಶಯವಿದ್ದರೆ ಕಾರ್ಮಿಕ ಸಂಘದವರನ್ನು, ಕಾರ್ಮಿಕ ಇಲಾಖೆಯ ಕಚೇರಿಯನ್ನು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100. ಕೆಲಸ ಹೋದವರಿಗೆ ಇ.ಎಸ್.ಐ.ನಿಂದ ನಿರುದ್ಯೋಗ ಭತ್ಯೆ ಸಿಗುತ್ತದೆಯೇ ಅಂತ ಶಾಖಾ ಕಚೇರಿಯಲ್ಲಿ ವಿಚಾರಿಸಿ.

ಕೇಳಿದರೆ ಏನಾಗುತ್ತೆ ಅನ್ನುವವರಿಗೆ ಒಂದು ಮಾತು. 2016ರಲ್ಲಿ ಪಿ.ಎಫ್. ಹಣವನ್ನು ಪೂರ್ತಿಯಾಗಿ ತೆಗೆಯಲು 58 ವರ್ಷದ ತನಕ ಕಾಯಬೇಕು ಅನ್ನುವ ನಿಯಮ ಬಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಗಲಾಟೆ, ಲಾಠಿ ಏಟು ಎಲ್ಲ ಆಯಿತು, ಅದು ಆಗಬಾರದಿತ್ತು. ಆದರೆ 19ರಂದೇ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತಗೊಂಡಿತು. ಒಬ್ಬಳ ದನಿ ಮಿಷನ್ ಸದ್ದಿನಲ್ಲಿ ಮುಳುಗುತ್ತದೆ, ಎಲ್ಲರ ದನಿ ದೆಹಲಿಗೂ ಕೇಳಿಸುತ್ತದೆ.

ನಮ್ಮ ಸಂಘ ಏನು ಮಾಡಬಹುದು?

ಸಭೆ, ಉಳಿತಾಯ, ಸಾಲ, ಮರುಪಾವತಿ, ಲೆಕ್ಕಪತ್ರ ಎಂಬ ಪಂಚಸೂತ್ರ ನಮಗೆಲ್ಲ ಬಾಯಿಪಾಠ. ಇಂಥ ಕಾಲದಲ್ಲಿ ಮೊದಲನೆಯದೇ ದೊಡ್ಡ ಔಷಧಿ. ಕೆಲಸ ಹೋದವರು ಕಂತು ಕಟ್ಟಲಾಗದ ನಾಚಿಕೆಯಿಂದ ಮೊದಲು ಬಿಡುವುದೇ ಸಭೆಯನ್ನು. ಆಕೆ ಬರದಿದ್ದರೆ ಇಬ್ಬರು ಅವಳ ಮನೆಗೆ ಹೋಗಿ ಬನ್ನಿ. ಬಾಕಿ ಕೇಳಲು ಅಲ್ಲ, ಅವಳನ್ನು ವಿಚಾರಿಸಿಕೊಂಡು ಬರಲು.

ಕೆಲಸ ಹೋದ ಸದಸ್ಯೆಯ ಆಂತರಿಕ ಸಾಲದ ಕಂತನ್ನು ಕೆಲವು ತಿಂಗಳು ಮುಂದೂಡಬಹುದು, ಕಂತು ಸಣ್ಣದು ಮಾಡಬಹುದು. ಅದನ್ನು ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬರೆದಿಟ್ಟರೆ ಅವಳ ಮರ್ಯಾದೆಯೂ ಉಳಿಯುತ್ತದೆ, ಸಂಘದ ಲೆಕ್ಕವೂ ಉಳಿಯುತ್ತದೆ. ಬ್ಯಾಂಕ್ ಸಾಲವಿದ್ದರೆ ಸುಸ್ತಿಯಾಗುವ ಮುಂಚೆಯೇ ಪ್ರತಿನಿಧಿಗಳು ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ.

ಒಂದು ಸಾಲ ತೀರಿಸಲು ಇನ್ನೊಂದು ಮೈಕ್ರೋಫೈನಾನ್ಸ್ ಸಾಲಕ್ಕೆ ಕೈ ಹಾಕಬೇಡಿ. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕ್ 2022ರಿಂದ ನಿಯಮ ಮಾಡಿದೆ. ಮನೆ ಮುಂದೆ ಬಂದು ಕೂಗಾಡಿ, ಹೆದರಿಸಿ ವಸೂಲಿ ಮಾಡುವುದರ ವಿರುದ್ಧ ನಮ್ಮ ರಾಜ್ಯ 2025ರಲ್ಲಿ ಕಾನೂನು ತಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಒಬ್ಬಳನ್ನೇ ಕಳಿಸಬೇಡಿ, ಸಂಘದವರೂ ಜೊತೆಗೆ ಹೋಗಿ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು?

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅಂದರೆ ಅದು ಬರೀ ದಣಿವಲ್ಲ. "ನಾನು ಇರಬಾರದು" ಅಂತ ಒಂದೇ ಒಂದು ಸಲ ಬಾಯಲ್ಲಿ ಬಂದರೂ ಹಗುರವಾಗಿ ತಗೋಬೇಡಿ. ಬೈಯಬೇಡಿ, ಬುದ್ಧಿ ಹೇಳಬೇಡಿ, ಒಂಟಿಯಾಗಿ ಬಿಡಬೇಡಿ. ಅಂಥವಳನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಈಗಲೇ ನಿಮ್ಮ ಪಾಸ್‌ಪುಸ್ತಕದ ಹಿಂದೆ ಬರೆದುಕೊಳ್ಳಿ.

ಸಹೋದರಿಯರೇ, ಕಂಪನಿ ಉಳಿಯುತ್ತೋ ಮುಚ್ಚುತ್ತೋ ನಮ್ಮ ಕೈಲಿಲ್ಲ. ಮುಂದಿನ ವಾರದ ಸಭೆ ನಮ್ಮ ಕೈಲಿದೆ. ಆ ಸಭೆಯಲ್ಲಿ ಮೂರು ಕೆಲಸ ಮಾಡಿ: ಎಲ್ಲರ ಕಾಗದಪತ್ರ ಸರಿಯಾಗಿದೆಯೇ ನೋಡಿ, ಕಂತಿನ ಠರಾವು ಬರೆಯಿರಿ, ಬರದೇ ಇರುವವಳ ಮನೆಗೆ ಯಾರು ಹೋಗುವುದು ಅಂತ ಹೆಸರು ಹಿಡಿದು ತೀರ್ಮಾನಿಸಿ. ತೀರ್ಮಾನಿಸಿದ್ದನ್ನು ಅದೇ ವಾರ ಮಾಡಿ ಮುಗಿಸಿ.