ಕೆರೆಯ ನೀರು ಹಸಿರಾದಾಗ

(ಉಪನ್ಯಾಸದ ಪಠ್ಯ)



ಬೇಸಿಗೆಯ ಒಂದು ಬೆಳಿಗ್ಗೆ ಊರ ಕೆರೆಯಲ್ಲಿ ಕಟ್ಲಾ, ರೋಹು ಮೀನುಗಳು ಹೊಟ್ಟೆ ಮೇಲಾಗಿ ತೇಲಿದರೆ, ಯಾರೋ ವಿಷ ಹಾಕಿದರೆಂಬ ಗುಮಾನಿ ಮೊದಲು ಹುಟ್ಟುತ್ತದೆ. ಕೆರೆಯನ್ನು ಗುತ್ತಿಗೆ ಹಿಡಿದವರ ವರ್ಷದ ದುಡಿಮೆ ಹೋಗುತ್ತದೆ. ಊರಿನಲ್ಲಿ ಮನಸ್ತಾಪ ಉಳಿಯುತ್ತದೆ. ಆದರೆ ಇಂಥ ಸಾವುಗಳಲ್ಲಿ ಹಲವಕ್ಕೆ ಕಾರಣ ವಿಷವಲ್ಲ. ನೀರಿಗೆ ಮಿತಿಮೀರಿ ಸೇರಿದ ಗೊಬ್ಬರ ಮತ್ತು ಕೊಳಚೆ.

ಪೈರಿಗೆ ಬೇಕಾದ ಸಾರಜನಕ, ರಂಜಕಗಳೇ ಪಾಚಿಗೂ ಆಹಾರ. ಸಾರಜನಕ ನೀರಿನಲ್ಲಿ ಕರಗಿ ಹರಿಯುತ್ತದೆ. ರಂಜಕ ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡು ಹೋಗುತ್ತದೆ. ಒಂದು ಕಿಲೋ ರಂಜಕ ಸುಮಾರು 100 ಕಿಲೋ ಒಣ ಪಾಚಿಯನ್ನು ಬೆಳೆಸಬಲ್ಲದು. 1973ರಲ್ಲಿ ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡ ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಒಂದಕ್ಕೆ ಇಂಗಾಲ ಮತ್ತು ಸಾರಜನಕವನ್ನೂ, ಇನ್ನೊಂದಕ್ಕೆ ಅವುಗಳೊಡನೆ ರಂಜಕವನ್ನೂ ಸೇರಿಸಿತು. ರಂಜಕ ಬಿದ್ದ ಭಾಗ ಮಾತ್ರ ಪಾಚಿಯಿಂದ ಹಸಿರಾಯಿತು. ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ನೀಲಿ-ಹಸಿರು ಪಾಚಿ ರೈತನ ಮಿತ್ರ. ಕೆರೆಯಲ್ಲಿ ರಂಜಕ ಹೆಚ್ಚಾದರೆ ಅದೇ ಗುಂಪಿನ ಪಾಚಿಗಳು ಕೆನೆಗಟ್ಟುತ್ತವೆ. ಅವುಗಳಲ್ಲಿ ಕೆಲವು ವಿಷಕಾರಿ; ಅಂಥ ನೀರು ಕುಡಿದ ದನಕರುಗಳಿಗೂ ಅಪಾಯ.

ಸಾವು ಬೆಳಗಿನ ಜಾವದಲ್ಲೇ ಏಕೆ?

ಹಗಲು ಪಾಚಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಅದನ್ನೇ ಉಸಿರಾಡಿ ಖರ್ಚು ಮಾಡುತ್ತದೆ. ಸತ್ತ ಪಾಚಿ ಕೊಳೆಯುವಾಗಲೂ ಆಮ್ಲಜನಕ ವ್ಯಯವಾಗುತ್ತದೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಡುವ ಆಮ್ಲಜನಕ ಕಡಿಮೆ: 20 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಗೆಂಡೆ ಜಾತಿಯ ಮೀನುಗಳಿಗೆ 5 ಮಿಲಿಗ್ರಾಂ ಇದ್ದರೆ ಹಿತ. 3ಕ್ಕಿಂತ ಇಳಿದರೆ ಸಂಕಟ. ಈ ಇಳಿತ ತಳಮುಟ್ಟುವುದು ನಸುಕಿನಲ್ಲಿ. ಬೆಂಗಳೂರಿನ ಹಲಸೂರು ಕೆರೆಗೆ ಕೊಳಚೆ ಸೇರಿ ಆಮ್ಲಜನಕ ಕುಸಿದಾಗ, 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು.

ಉಳಿಯುವ ಜೀವಿಗಳು ಯಾವುವು?

ಕೊರವ ಮೀನಿಗೆ ಕಿವಿರುಗಳ ಮೇಲೆ ಗಾಳಿಯ ಕೋಣೆ ಇದೆ. ಅದು ಮೇಲೆ ಬಂದು ಗಾಳಿ ನುಂಗುತ್ತದೆ. ಚೇಳು ಮೀನಿಗೆ ಕಿವಿರಿನಿಂದ ಬೆನ್ನಿನ ಉದ್ದಕ್ಕೂ ಚಾಚಿದ ಗಾಳಿಯ ಚೀಲಗಳಿವೆ. ತಳದ ಕೆಸರಿನ ಕೆಂಪು ಹುಳುವಿನ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದ್ದು, ಇದ್ದಷ್ಟೇ ಆಮ್ಲಜನಕವನ್ನು ಹೀರಿಡುತ್ತದೆ. ಸೊಳ್ಳೆಯ ಮರಿ ಕೊಳವೆಯೊಂದನ್ನು ನೀರಿನ ಮೇಲೆ ಚಾಚಿ ಉಸಿರಾಡುತ್ತದೆ. ಇಂಥವೇ ಉಳಿದು ಉಳಿದವೆಲ್ಲ ಕಾಣೆಯಾದರೆ ಕೆರೆ ಚೆನ್ನಾಗಿದೆಯೆಂದಲ್ಲ. ಅದರ ಉಸಿರು ಕಟ್ಟುತ್ತಿದೆಯೆಂದೇ ಅರ್ಥ.

ರೈತರು ಮಾಡಬೇಕಾದುದು

1. ಮಣ್ಣು ಪರೀಕ್ಷೆಯಂತೆ ಗೊಬ್ಬರವನ್ನು ಕಂತುಗಳಲ್ಲಿ ಕೊಡಬೇಕು. ಜೋರು ಮಳೆಯ ಮುನ್ಸೂಚನೆ ಇದ್ದಾಗ ಎರಚಬಾರದು.

2. ಬದುಗಳನ್ನು ಗಟ್ಟಿಮಾಡಿ, ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟಿ ಅಥವಾ ಲಾವಂಚ ಬೆಳೆಸಬೇಕು. ಮಣ್ಣು ನಿಂತರೆ ರಂಜಕವೂ ನಿಲ್ಲುತ್ತದೆ.

3. ತಿಪ್ಪೆ, ಬಚ್ಚಲು ನೀರು ಕೆರೆಯ ಕಾಲುವೆಗೆ ಸೇರದಂತೆ ನೋಡಿಕೊಳ್ಳಬೇಕು. ಸಿಂಪಡಣೆಯ ಯಂತ್ರವನ್ನು ಕೆರೆಯಲ್ಲಿ ತೊಳೆಯಬಾರದು.

4. ಮೀನು ಸಾಕುವ ಹೊಂಡದಲ್ಲಿ ಕೈಯನ್ನು ಮೊಣಕೈವರೆಗೆ ಮುಳುಗಿಸಬೇಕು. ಅಷ್ಟರೊಳಗೇ ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು.

5. ನಸುಕಿನಲ್ಲಿ ಮೀನುಗಳು ಬಾಯಿ ತೆರೆದು ಮೇಲೆ ತೇಲಿದರೆ ಮೇವು ನಿಲ್ಲಿಸಿ ಹೊಸ ನೀರು ಬಿಡಬೇಕು, ಇಲ್ಲವೆ ಪಂಪಿನಿಂದ ಅದೇ ನೀರನ್ನು ಎತ್ತಿ ಚಿಮ್ಮಿಸಬೇಕು.

6. ಬೇಸಿಗೆಯಲ್ಲಿ ಹೂಳು ತೆಗೆದಾಗ, ಅದರಲ್ಲಿ ಕಾರ್ಖಾನೆಯ ಕೊಳಚೆ ಸೇರಿಲ್ಲವೆಂದು ಖಚಿತಪಡಿಸಿಕೊಂಡು ಹೊಲಕ್ಕೆ ಹರಡಬಹುದು.

ಹೊಲದಿಂದ ಹರಿದುಹೋದ ಗೊಬ್ಬರ ಎರಡು ಸಲ ನಷ್ಟ ಮಾಡುತ್ತದೆ: ಒಮ್ಮೆ ಕೊಂಡವನ ಕೈಯಲ್ಲಿ, ಇನ್ನೊಮ್ಮೆ ಊರಿನ ಕೆರೆಯಲ್ಲಿ. ಅದನ್ನು ಹೊಲದಲ್ಲೇ ಉಳಿಸಿಕೊಂಡರೆ ಪೈರಿಗೂ ಲಾಭ, ಮೀನಿಗೂ ಉಸಿರು.