ಒಂದೇ ಅಂಗಳ, ಎರಡು ನಾಯಿ



ಹೋದ ವಾರ ನಾವು 'ನಾಯಿ' ಎಂಬ ಪದ ಬರೆಯಲು ಕಲಿತೆವು. ಆಗ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು. "ಟೀಚರಮ್ಮ, ನಮ್ಮನೇಲಿ ಎರಡು ನಾಯಿ ಅವೆ. ದಿನಾ ಕಚ್ಚಾಡ್ತವೆ. ಒಂದನ್ನ ದೂರ ಬಿಟ್ಟು ಬರೋಣ ಅಂತಾರೆ ಮನೆಯವರು. ಏನು ಮಾಡ್ಲಿ?"

ಎಲ್ಲರೂ ನಕ್ಕಿರಿ. ನನಗೆ ನಗು ಬರಲಿಲ್ಲ. ಯಾಕೆ ಗೊತ್ತೇ? ನಮ್ಮ ಮನೆಯಲ್ಲೂ ಇದೇ ಆಗಿತ್ತು. ತಪ್ಪು ನನ್ನದೇ ಇತ್ತು.

ನಮ್ಮ ಮನೆಯ ಹಳೆಯ ನಾಯಿ ಕರಿಯ. ಏಳು ವರ್ಷ ಮನೆ ಕಾದಿತ್ತು. ಒಂದು ಮಳೆಗಾಲ ನಾನು ಬೀದಿಯಿಂದ ಒಂದು ಮರಿ ತಂದೆ. ಅದಕ್ಕೆ ಕೆಂಚ ಎಂದು ಹೆಸರಿಟ್ಟೆವು. ಮರಿ ಇದ್ದಾಗ ಕರಿಯ ಸುಮ್ಮನಿತ್ತು. ಕೆಂಚ ಬೆಳೆದು ದೊಡ್ಡದಾಯಿತು. ಆಮೇಲೆ ಜಗಳ ಶುರುವಾಯಿತು.

ನಾನು ಇಬ್ಬರಿಗೂ ಒಂದೇ ಕಡೆ ಮುದ್ದೆ ಹಾಕುತ್ತಿದ್ದೆ. ಕೆಂಚ ಹತ್ತಿರ ಬಂದರೆ ಕರಿಯ 'ಗುರ್' ಎನ್ನುತ್ತಿತ್ತು. ನಾನು ಪೊರಕೆ ತಗೊಂಡು ಕರಿಯನಿಗೇ ಹೊಡೆಯುತ್ತಿದ್ದೆ. "ದೊಡ್ಡವನಾಗಿ ಬುದ್ಧಿ ಬೇಡ್ವಾ?" ಎಂದು ಬೈಯುತ್ತಿದ್ದೆ. ಸ್ವಲ್ಪ ದಿನಕ್ಕೆ ಕರಿಯ ಗುರ್ ಎನ್ನುವುದನ್ನೇ ಬಿಟ್ಟಿತು. ಬುದ್ಧಿ ಬಂತು ಅಂದುಕೊಂಡೆ. ಬುದ್ಧಿ ಬಂದಿರಲಿಲ್ಲ. ಸದ್ದು ಮಾಡದೆ ನೇರವಾಗಿ ಕಚ್ಚತೊಡಗಿತು.

ಒಂದು ಸಂಜೆ ಒಂದು ಮೂಳೆಗಾಗಿ ಎರಡೂ ಮೇಲೆಬಿದ್ದವು. ನಮ್ಮ ಅತ್ತೆ ಬಿಡಿಸಲು ಕೈ ಹಾಕಿದರು. ಮುಂಗೈಗೆ ಹಲ್ಲು ನಾಟಿತು. ಯಾವ ನಾಯಿ ಕಚ್ಚಿತೋ ಯಾರಿಗೂ ಗೊತ್ತಾಗಲಿಲ್ಲ.

ಅಕ್ಕಪಕ್ಕದವರು ಅರಿಶಿನ ಹಾಕಿ, ಸುಣ್ಣ ಹಚ್ಚಿ ಅಂದರು. ಹಚ್ಚಲಿಲ್ಲ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆದೆ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೂಜಿ ಹಾಕಿದರು. ಮುಂದಿನ ಸೂಜಿಗಳ ತಾರೀಖು ಚೀಟಿಯಲ್ಲಿ ಬರೆದುಕೊಟ್ಟರು.

"ನಮ್ಮ ಮನೆ ನಾಯಿ ತಾನೇ" ಎಂದು ಸುಮ್ಮನಿರಬೇಡಿ. ಹುಚ್ಚುನಾಯಿ ರೋಗಕ್ಕೆ ರೇಬೀಸ್ ಎನ್ನುತ್ತಾರೆ. ಆ ರೋಗ ಮೈಮೇಲೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂದೇ ಹೇಳಬೇಕು. ಮೊದಲೇ ಸೂಜಿ ಹಾಕಿಸಿದರೆ ಜೀವ ಉಳಿಯುತ್ತದೆ.

ಮಾರನೆಯ ದಿನ ಪಶು ಡಾಕ್ಟರ ಹತ್ತಿರ ಹೋದೆ. ಅವರು ಹೇಳಿದರು: "ಗುರ್ ಅನ್ನೋದು ನಾಯಿ ಮಾತು. 'ದೂರ ಇರು' ಅಂತ ಹೇಳುತ್ತೆ. ನೀವು ಮಾತನ್ನೇ ಹೊಡೆದು ನಿಲ್ಲಿಸಿದಿರಿ. ಇನ್ನು ಕಚ್ಚದೆ ಏನು ಮಾಡುತ್ತೆ?" ಕರಿಯನ ಕಿವಿಯನ್ನೂ ನೋಡಿದರು. ಒಳಗೆ ಕೀವಾಗಿತ್ತು. ಪಾಪ, ನೋವಿನಿಂದಲೂ ಸಿಡುಕುತ್ತಿತ್ತು. ಔಷಧಿ ಕೊಟ್ಟರು.

ಆಮೇಲೆ ನಾವು ಮಾಡಿದ್ದು ಇಷ್ಟು. ಕರಿಯನಿಗೆ ಹಿತ್ತಲಲ್ಲಿ ಊಟ, ಕೆಂಚನಿಗೆ ಮುಂದಿನ ಅಂಗಳದಲ್ಲಿ ಊಟ. ಒಂದರ ಊಟ ಇನ್ನೊಂದಕ್ಕೆ ಕಾಣಬಾರದು. ತಿಂದ ಮೇಲೆ ತಟ್ಟೆ ಎತ್ತಿಡುತ್ತೇವೆ. ಮೂಳೆ ಅಂಗಳದಲ್ಲಿ ಬಿಸಾಡುವುದಿಲ್ಲ. ಮಲಗಲು ಎರಡು ಗೋಣಿಚೀಲ, ಎರಡು ಜಾಗ. ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಜೊತೆಗೆ ಬಿಡುವುದಿಲ್ಲ. ಮಕ್ಕಳನ್ನು ನಾಯಿ ಊಟ ಮಾಡುವ ಕಡೆ ಬಿಡುವುದಿಲ್ಲ. ಸಂಜೆ ಯಜಮಾನರು ಒಂದನ್ನು ಹಿಡಿದುಕೊಂಡು, ನಾನು ಒಂದನ್ನು ಹಿಡಿದುಕೊಂಡು ಹೊಲದ ದಾರಿಯಲ್ಲಿ ನಡೆಯುತ್ತಿದ್ದೆವು. ಮೊದಲು ದೂರ ದೂರ, ದಿನ ಕಳೆದಂತೆ ಹತ್ತಿರ.

ಜಗಳದ ಗುರುತು ಮೊದಲೇ ಕಾಣುತ್ತದೆ. ಮೈ ಬಿಗಿಯಾಗುತ್ತದೆ. ಬೆನ್ನಿನ ಕೂದಲು ನಿಲ್ಲುತ್ತದೆ. ಕಣ್ಣು ಮಿಟುಕಿಸದೆ ನೋಡುತ್ತದೆ. ಆಗಲೇ ಒಂದನ್ನು ಬೇರೆ ಕಡೆಗೆ ಕರೆಯಿರಿ. ಜಗಳ ಹತ್ತಿಕೊಂಡರೆ ಕೈ ಹಾಕಬೇಡಿ, ಹೊಡೆಯಬೇಡಿ. ಹೊಡೆದರೆ ಸಿಟ್ಟು ಹೆಚ್ಚುತ್ತದೆ. ಒಂದು ಬಕೆಟ್ ನೀರು ಎರಚಿ. ತಟ್ಟೆ ಬಡಿದು ದೊಡ್ಡ ಸದ್ದು ಮಾಡಿ. ದಪ್ಪ ಕಂಬಳಿ ಮೇಲೆ ಹಾಕಿ. ಬಿಟ್ಟ ಮೇಲೆ ಅಂದು ಇಡೀ ದಿನ ಬೇರೆ ಬೇರೆ ಇಡಿ.

ಹೆಣ್ಣು ನಾಯಿ ಬೆದೆಗೆ ಬಂದಾಗ ಗಂಡು ನಾಯಿಗಳು ಹೆಚ್ಚು ಜಗಳವಾಡುತ್ತವೆ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಬಹುದು. ಪಶು ಆಸ್ಪತ್ರೆಯಲ್ಲಿ ಕೇಳಿ. ಮರಿಗೆ 3 ತಿಂಗಳಾದಾಗ ರೇಬೀಸ್ ಸೂಜಿ ಹಾಕಿಸಿ. ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ ಹಾಕಿಸಿ.

ಇನ್ನು ದೂರ ಬಿಟ್ಟು ಬರುವ ಮಾತು. ಬೇರೆ ಊರಿನ ನಾಯಿಗಳು ಹೊಸ ನಾಯಿಯನ್ನು ಸೇರಿಸುವುದಿಲ್ಲ, ಕಚ್ಚಿ ಓಡಿಸುತ್ತವೆ. ಅದಕ್ಕೆ ಊಟ ಸಿಗುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವೆಗೆ ದೂಡಿ ಬಿಟ್ಟುಬರುವುದು 1960ರ ಕಾನೂನಿನ ಪ್ರಕಾರ ತಪ್ಪು. ಜೊತೆಗಿಡಲು ಆಗದೇ ಹೋದರೆ, ಸಾಕುತ್ತೇವೆ ಎನ್ನುವ ಮನೆ ನೋಡಿ ಕೊಡಿ.

ನಮ್ಮ ಕರಿಯ, ಕೆಂಚ ಪ್ರಾಣಸ್ನೇಹಿತರೇನೂ ಆಗಲಿಲ್ಲ. ಆದರೆ ಒಂದೇ ಅಂಗಳದಲ್ಲಿ ಅವರವರ ಪಾಡಿಗೆ ಇದ್ದಾರೆ. ಅಷ್ಟೇ ಸಾಕು.

ಕೊನೆಗೆ ಒಂದು ಮಾತು. ಅತ್ತೆಯ ಮೂರನೇ ಸೂಜಿಯ ದಿನ ನಾನು ಊರಲ್ಲಿರಲಿಲ್ಲ. ಅವರು ಚೀಟಿ ಹಿಡಿದು ಓದಿಸಲು ಪಕ್ಕದ ಮನೆಗೆ ಹೋದರು. ಬಾಗಿಲು ಹಾಕಿತ್ತು. ಸೂಜಿ ಒಂದು ದಿನ ತಡವಾಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಅಂದು ರಾತ್ರಿ ಅತ್ತೆ ಕೇಳಿದರು, "ಆ ಅಂಕಿ ನನಗೂ ಕಲಿಸ್ತೀಯಾ?"

ನೋಡಿ ಅಕ್ಕ, ಇಂದು ನಿಮಗೆ ಅಂಕಿ ಬರುತ್ತದೆ. ಆಸ್ಪತ್ರೆಯ ಚೀಟಿಯನ್ನು ನೀವೇ ಓದಿ. ನಿಮ್ಮ ತಾರೀಖು ನಿಮಗೇ ಗೊತ್ತಿರಲಿ.