ಸಂಶಯವೆಂಬ ಬೇನೆ
(ನಾರಾಯಣಪುರದ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ತರ್ಕಶಾಸ್ತ್ರದಲ್ಲಿ ಸಂಶಯಕ್ಕೆ ಹಳೆಯ ದೃಷ್ಟಾಂತವೊಂದುಂಟು. ಸಂಜೆಯ ಮಬ್ಬಿನಲ್ಲಿ ಹೊಲದ ಬದುವಿನ ಮೇಲೆ ಏನೋ ನಿಂತಂತೆ ಕಾಣುತ್ತದೆ. ಅದು ಮೋಟು ಮರವೋ, ಮನುಷ್ಯನೋ? ಹತ್ತಿರ ಹೋಗಿ ಮುಟ್ಟಿ ನೋಡಿದರೆ ಸಂಶಯ ತೀರಿತು. ಇಂಥ ಸಂಶಯದಿಂದ ಕೆಡುಕಿಲ್ಲ. ಸಂಶಯಪಟ್ಟವನೇ ತಿಳಿಯಲು ಹೊರಡುತ್ತಾನೆ. ಆದರೆ ಮುಟ್ಟಿ ನೋಡಿದ ಮೇಲೂ ತೀರದ ಸಂಶಯವೊಂದಿದೆ. ಅದು ಜಿಜ್ಞಾಸೆಯಲ್ಲ, ಬೇನೆ. ಪತಂಜಲಿ ಮಹರ್ಷಿಗಳು ಯೋಗಕ್ಕೆ ಅಡ್ಡಬರುವ ಒಂಬತ್ತು ಅಂತರಾಯಗಳನ್ನು ಎಣಿಸುವಾಗ ವ್ಯಾಧಿಯನ್ನು ಮೊದಲಿಟ್ಟು, ಮೂರನೆಯದಾಗಿ ಸಂಶಯವನ್ನೇ ಇಟ್ಟರು.

ಒಬ್ಬ ರೈತನಿದ್ದಾನೆಂದು ತಿಳಿಯಿರಿ. ರಾತ್ರಿ ಪಂಪಸೆಟ್ಟು ಬಂದ್ ಮಾಡಿ ಬಂದು ಮಲಗುತ್ತಾನೆ. 'ಬಂದ್ ಮಾಡಿದೆನೋ ಇಲ್ಲವೋ? ಯಾರಾದರೂ ತಂತಿ ಮುಟ್ಟಿ ಸತ್ತರೆ?' ಎದ್ದು ಹೋಗಿ ನೋಡುತ್ತಾನೆ, ಬಂದ್ ಇದೆ. ಮನೆಗೆ ಬಂದರೆ ಮತ್ತೆ ಅದೇ ಅಂಜಿಕೆ. ಒಬ್ಬ ತಾಯಿ ಲಿಂಗಪೂಜೆಗೆ ಕುಳಿತವಳು, ಕೈ ಶುದ್ಧವಾಗಿಲ್ಲವೆಂದು ಮತ್ತೆ ಮತ್ತೆ ಎದ್ದು ತೊಳೆಯುತ್ತಾಳೆ. ಹೊತ್ತು ನೆತ್ತಿಗೇರಿದರೂ ಪೂಜೆ ಮುಗಿಯದು. ಇನ್ನೊಬ್ಬನಿಗೆ, ಕಟ್ಟೆಯ ಮೇಲೆ ನಾಲ್ವರು ನಕ್ಕರೆ ತನ್ನನ್ನೇ ನೋಡಿ ನಕ್ಕರೆಂಬ ಭಯ. ನೆರೆಯವರು ಮಾಟ ಮಾಡಿಸಿದರೇನೋ ಎಂಬ ಶಂಕೆ. 'ಇರಲಿಕ್ಕಿಲ್ಲ' ಎಂದು ಬುದ್ಧಿ ಹೇಳುತ್ತದೆ, ಎದೆ ಕೇಳುವುದಿಲ್ಲ. ಹೆಂಡತಿಯನ್ನು ಹತ್ತು ಸಲ ಕೇಳುತ್ತಾನೆ.

ಇಂಥದಕ್ಕೆ ವೈದ್ಯರು ಗೀಳು ರೋಗವೆನ್ನುತ್ತಾರೆ, ಆತಂಕವೆನ್ನುತ್ತಾರೆ. ಇದು ಕಜ್ಜಿ ತುರಿಸಿದಂತೆ. ನೋಡಿದಾಗ, ತೊಳೆದಾಗ, ಕೇಳಿದಾಗ ಒಂದು ಗಳಿಗೆ ಹಿತ. ಆ ಹಿತವೇ ಬೇನೆಗೆ ಆಹಾರ.

ಹಾಗಾದರೆ ಏನು ಮಾಡಬೇಕು? ನಿಮ್ಮ ಬಸವಸಾಗರವನ್ನೇ ನೋಡಿರಿ. ಆಲಮಟ್ಟಿಯ ಕಡೆಯಿಂದ ಕೃಷ್ಣೆ ತುಂಬಿ ಬಂದಾಗ ಗೇಟು ಎತ್ತಿ ನೀರು ಬಿಡುತ್ತಾರೆ. ಒಂದು ಹನಿಯೂ ಬರಬಾರದೆಂದು ಹೊಳೆಯೊಡನೆ ಯಾರೂ ಜಗಳಾಡುವುದಿಲ್ಲ. ವಿಚಾರವೂ ಹಾಗೆಯೇ. ಬರಲೇಬಾರದೆಂದು ಒತ್ತಿದಷ್ಟೂ ಉಕ್ಕುತ್ತದೆ. ಬರಲಿ, ಹೋಗಲಿ. 'ಇದು ಬೇನೆಯ ಮಾತು' ಎಂದು ಗುರುತಿಸಿರಿ. ಅದು ಹೇಳಿದ ಕೆಲಸ ಮಾತ್ರ ಮಾಡಬೇಡಿರಿ. ಒಮ್ಮೆ ನೋಡಿದ ಮೇಲೆ ಮತ್ತೆ ಏಳಬೇಡಿರಿ. ಅಂಜಿಕೆ ಏರುತ್ತದೆ, ಕೆಲಹೊತ್ತು ನಿಲ್ಲುತ್ತದೆ, ತಾನಾಗಿಯೇ ಇಳಿಯುತ್ತದೆ. ಇಂದು ಹತ್ತು ಸಲ ತೊಳೆದವರು ನಾಳೆ ಎಂಟು ಸಲ ತೊಳೆಯಿರಿ. ಮನೋವೈದ್ಯರು ಹಂತಹಂತವಾಗಿ ಕಲಿಸುವ ಅಭ್ಯಾಸವೂ ಇದೇ. ಗುಳಿಗೆಗಳೂ ಉಂಟು. ಗುಣ ಕಾಣಲು ಕೆಲವು ವಾರಗಳು ಬೇಕು; ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಪೂಜೆಯ ಹೆಸರಿನಲ್ಲಿ ಅಂಜುವವರಿಗೆ ಒಂದು ಮಾತು. ಬಸವಾದಿ ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ಅಂಗದ ಮೇಲೆ ಲಿಂಗವಿರುವಾಗ ಮೈಲಿಗೆಯ ಭಯವೇಕೆ? ಒಮ್ಮೆ ತೊಳೆದ ಕೈ ಸಾಕು. ಪೂಜೆಯ ನಡುವೆ ಕೆಟ್ಟ ವಿಚಾರ ಸುಳಿದರೆ ಅದು ಪಾಪವಲ್ಲ. ನೀವು ಕರೆದ ಅತಿಥಿಯಲ್ಲ ಅದು. ಇದಕ್ಕೆ ಪ್ರಾಯಶ್ಚಿತ್ತ ಕೇಳಿಕೊಂಡು ಮಠಕ್ಕೆ ಬರುವವರಿಗೆ ನಾವು ಒಮ್ಮೆ ಉತ್ತರ ಹೇಳುತ್ತೇವೆ. ಅದನ್ನೇ ಎರಡನೆಯ ಸಲ ಕೇಳಿದರೆ ಹೇಳುವುದಿಲ್ಲ. ಅದು ಸಿಟ್ಟಲ್ಲ, ಔಷಧ.

ಮನೆಯವರೂ ಹಾಗೆಯೇ ಇರಬೇಕು. ನಗಬೇಡಿರಿ, ಗದರಿಸಬೇಡಿರಿ, ಹತ್ತು ಸಲ ಸಮಾಧಾನವನ್ನೂ ಹೇಳಬೇಡಿರಿ. 'ಇದು ಅಂಜಿಕೆ, ನಾನು ಜೊತೆಗಿದ್ದೇನೆ' ಎಂದರೆ ಸಾಕು. ತಾಯಿತಕ್ಕಾಗಿ ಊರೂರು ತಿರುಗಬೇಡಿರಿ. ಮಾಟವೆಂದು ಯಾರಾದರೂ ಹೇಳಿದರೆ ಶಂಕೆ ಗಟ್ಟಿಯಾಗುತ್ತದೆ, ನೆರೆಹೊರೆ ಮುರಿಯುತ್ತದೆ.

ಇನ್ನೊಂದನ್ನು ಬೇರೆಯಾಗಿ ತಿಳಿಯಿರಿ. ಅನ್ನದಲ್ಲಿ ವಿಷ ಹಾಕಿದ್ದಾರೆಂದು ಸಂಶಯವಿಲ್ಲದೆ ನಂಬಿದವನು, ಯಾರೂ ಇಲ್ಲದಾಗ ಧ್ವನಿ ಕೇಳುವವನು, ಇವರ ಬೇನೆ ಬೇರೆ. ಅವರೊಡನೆ ವಾದಿಸದೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಾಯುವ ಮಾತನಾಡಿದವರನ್ನು ಒಂಟಿಯಾಗಿ ಬಿಡಬೇಡಿರಿ.

'ನಮ್ಮಂಥ ಹಳ್ಳಿಯಲ್ಲಿ ಅಂಥ ವೈದ್ಯರೆಲ್ಲಿ?' ಎನ್ನುವಿರಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ಚಿಕಿತ್ಸೆ ಕಲಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. 2022ರಿಂದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯುಂಟು. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಬೇಕಿಲ್ಲ.

ಕಾಲು ಮುರಿದವನು ಆಸ್ಪತ್ರೆಗೆ ಹೋಗಲು ನಾಚುವುದಿಲ್ಲ. ಮನಸ್ಸು ನೊಂದವನಿಗೆ ಮಾತ್ರ ನಾಚಿಕೆ ಏಕೆ? ನಿತ್ಯ ಪೂಜೆ ಒಮ್ಮೆ ಮಾಡಿರಿ, ನಿಮ್ಮ ಕಾಯಕಕ್ಕೆ ನಡೆಯಿರಿ. ಸಂಶಯ ಹಿಂದಿನಿಂದ ಕೂಗಿದರೆ ಕೂಗಲಿ; ನೀವು ನಡೆಯುತ್ತಿರಿ. ಎಲ್ಲರಿಗೂ ಸನ್ಮಂಗಳವಾಗಲಿ.